ತುಕ್ಕು ಹಿಡಿದ ಯಾನವೂ ಪರಿಮಾಣವ್ರತವೂ

ಪರಿಗ್ರಹಪರಿಮಾಣವ್ರತವನ್ನು ಕೈಗೊಂಡ ಗೃಹಸ್ಥನು ತನ್ನ ಹೊಲ, ಮನೆ, ಧನ, ಧಾನ್ಯ, ಯಾನ, ಪಾತ್ರೆಪದಾರ್ಥಗಳಿಗೆ ಒಂದು ಎಲ್ಲೆಯನ್ನು ಕಟ್ಟಿಕೊಳ್ಳುತ್ತಾನೆ. ಎಲ್ಲೆಯ ಒಳಗಿನದು ತನ್ನದು, ಹೊರಗಿನದರಲ್ಲಿ ತನಗೆ ಇಚ್ಛೆಯಿಲ್ಲ ಎಂಬುದೇ ಈ ವ್ರತದ ಸ್ವರೂಪ. ಹೊರಗಿನಿಂದ ಬರುವ ವಸ್ತುವಿನ ವಿಷಯದಲ್ಲಿ ಲೆಕ್ಕವು ಸುಲಭವಾಗಿದೆ. ಕೊಂಡರೆ ಹೆಚ್ಚಿತು, ಕೊಟ್ಟರೆ ಕಡಿಮೆಯಾಯಿತು. ಆದರೆ ವಸ್ತುವು ಹೊರಗಿನಿಂದ ಬಾರದೆ, ನಮ್ಮ ಮನೆಯಲ್ಲಿಯೇ ನಿರುಪಯುಕ್ತವಾಗಿ ಬಿದ್ದಿದ್ದು, ನಮ್ಮ ಕೈಯ ದುಡಿಮೆಯಿಂದ ಮತ್ತೆ ಉಪಯುಕ್ತವಾಗಿ ಎದ್ದು ನಿಂತರೆ, ಅದು ಯಾವ ಗಳಿಗೆಯಲ್ಲಿ ಲೆಕ್ಕಕ್ಕೆ ಸೇರತಕ್ಕದ್ದು?

ಇದು ತರ್ಕದ ವಿನೋದಕ್ಕಾಗಿ ಹುಟ್ಟಿಸಿದ ಪ್ರಶ್ನೆಯಲ್ಲ. ಒಂದು ಹಳೆಯ ಸಣ್ಣ ಮೋಟಾರ್ ಸೈಕಲ್ಲಿನ ನಿಮಿತ್ತದಿಂದ ನನ್ನ ವ್ರತಕ್ಕೇ ಇದು ಎದುರಾಯಿತು. ಹೇಳಿಕೊಳ್ಳಲು ಸಂಕೋಚವುಂಟು. ಆದರೆ ಮಾಡಿದ ತಪ್ಪನ್ನು ಮುಚ್ಚದೆ ಹೇಳಿಕೊಳ್ಳುವುದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಆಲೋಚನೆಯೆಂದು ಹೆಸರು. ಪ್ರಾಯಶ್ಚಿತ್ತದ ಭೇದಗಳಲ್ಲಿ ಅದೇ ಮೊದಲನೆಯದು. ವ್ರತಿಗಳಾದ ವಾಚಕರಿಗೆ ಪ್ರಯೋಜನವಾದೀತೆಂಬ ಆಶೆಯಿಂದ ನಡೆದುದನ್ನು ನಡೆದಂತೆ ಬರೆಯುತ್ತಿದ್ದೇನೆ.

೨೦೧೮ರಲ್ಲಿ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ನಡೆದ ವರ್ಷ, ಪೂಜ್ಯ ಮುನಿಮಹಾರಾಜರೊಬ್ಬರ ಸನ್ನಿಧಿಯಲ್ಲಿ ನಾನು ಅಣುವ್ರತಗಳನ್ನು ಸ್ವೀಕರಿಸಿದೆನು. ಆಗ ಬರೆದಿಟ್ಟ ಪಟ್ಟಿಯಲ್ಲಿ ‘ಯಾನ – ಒಂದು’ ಎಂದಿದೆ. ಶಾಲೆಗೆ ಹೋಗಿಬರುತ್ತಿದ್ದ ಸ್ಕೂಟರೇ ಆ ಒಂದು. ಹಿತ್ತಿಲ ದನದ ಕೊಟ್ಟಿಗೆಯಲ್ಲಿ ಇನ್ನೊಂದು ಗಾಡಿ ನಿಂತಿತ್ತು. ನಮ್ಮ ತಂದೆಯವರು ೧೯೭೯ರಲ್ಲಿ ಕೊಂಡ ರಾಜದೂತ್. ಪೋಲೆಂಡ್ ದೇಶದ ಎಸ್.ಎಚ್.ಎಲ್. ಮಾದರಿಯನ್ನು ಅನುಸರಿಸಿ ಎಸ್ಕಾರ್ಟ್ಸ್ ಸಂಸ್ಥೆಯವರು ೧೯೬೦ರ ದಶಕದಿಂದ ತಯಾರಿಸಿದ, ೧೭೩ ಸಿ.ಸಿ.ಯ, ಮೂರು ಗೇರಿನ, ಟೂ ಸ್ಟ್ರೋಕ್ ಗಾಡಿ. ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ, ಬೀಜದ ಚೀಲ ಎಲ್ಲವನ್ನೂ ಹೊತ್ತು ಕಬ್ಬಿನ ಹೊಲದ ಕೆಸರಿನಲ್ಲಿ ಓಡಾಡುತ್ತಿದ್ದ ಗಾಡಿಗಳಲ್ಲಿ ಅದೂ ಒಂದು. ತಂದೆಯವರು ತೀರಿಕೊಂಡ ಬಳಿಕ, ೧೯೯೮ರಿಂದ ಅದು ನಿಂತಲ್ಲಿಯೇ ನಿಂತಿತ್ತು. ವ್ರತದ ಪಟ್ಟಿಯನ್ನು ಬರೆಯುವಾಗ ಅದನ್ನು ನಾನು ಎಣಿಸಲಿಲ್ಲ. ಓಡದಿದ್ದುದು ಯಾನವಲ್ಲ, ಕಬ್ಬಿಣ ಎಂದು ನನ್ನ ಸಮಾಧಾನ. ಆದರೆ ಅದಕ್ಕೂ ಮೊದಲು ಗುಜರಿಯವನು ಎರಡು ಸಾರಿ ಬಂದು ಕೇಳಿದಾಗ ನಾನು ಕೊಟ್ಟಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

ಸೇವೆಯಿಂದ ನಿವೃತ್ತನಾದ ಮೇಲೆ, ೨೦೨೨ರ ವೈಶಾಖ ಮಾಸದಲ್ಲಿ, ಅದನ್ನು ಬಿಚ್ಚಿ ಸರಿಪಡಿಸುವ ಮನಸ್ಸಾಯಿತು. ಅಲ್ಲಿಯವರೆಗೆ ನಾನು ಪಾನಾ ಹಿಡಿದವನಲ್ಲ. ಸೀಮೆಸುಣ್ಣ ಹಿಡಿದ ಕೈ. ಆದರೂ ಗಿರಣಿಯಂತ್ರ ನೋಡಿಕೊಳ್ಳುವ ನೆರೆಮನೆಯವರೊಬ್ಬರು ಧೈರ್ಯ ತುಂಬಿದರು. ಬಿಚ್ಚಿದ ಭಾಗಗಳನ್ನೆಲ್ಲ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಬೇಕು, ಬಿಚ್ಚುವ ಮೊದಲು ಮೊಮ್ಮಗನಿಂದ ಮೊಬೈಲಿನಲ್ಲಿ ಚಿತ್ರ ತೆಗೆಸಿಕೊಳ್ಳಬೇಕು, ಎಂಬ ಎರಡೇ ನಿಯಮಗಳನ್ನು ಅವರು ವಿಧಿಸಿದರು.

ಕೆಲಸದ ಆರಂಭವು ಅಹಿಂಸೆಯಿಂದಲೇ ಆಯಿತು. ಸೈಲೆನ್ಸರಿನ ತುದಿಯಲ್ಲಿ ಕುಂಬಾರ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಕಣಜವು ಚತುರಿಂದ್ರಿಯ ಜೀವಿ. ಗೂಡಿನೊಳಗೆ ಮರಿಯುಂಟು, ಕೆಡವಿದರೆ ಸಂಕಲ್ಪೀ ಹಿಂಸೆಗೆ ಬಹಳ ಹತ್ತಿರವಾಗುತ್ತದೆ. ಮೂರು ವಾರಕ್ಕೂ ಮಿಕ್ಕಿ ಕಾದೆವು. ಗೂಡಿಗೆ ರಂಧ್ರ ಬಿದ್ದು, ಅದು ಬರಿದಾದ ಮೇಲೆಯೇ ಸೈಲೆನ್ಸರಿಗೆ ಕೈ ಹಚ್ಚಿದುದು. ಸೀಟಿನ ಒಳಗೆ ಇರುವೆಗಳಿದ್ದವು. ಅದನ್ನು ಬಿಚ್ಚಿ ಗೋಡೆಯ ನೆರಳಿನಲ್ಲಿ ಇಟ್ಟೆವು. ಅವು ತಮ್ಮ ಮೊಟ್ಟೆಗಳೊಂದಿಗೆ ತಾವಾಗಿಯೇ ಸರಿದುಹೋಗಲು ಐದು ದಿನ ಬೇಕಾದವು. ವಸ್ತುವನ್ನು ನೋಡಿ, ಒರೆಸಿ, ಎತ್ತಿ, ಇಡಬೇಕೆಂದು ಆದಾನನಿಕ್ಷೇಪಣ ಸಮಿತಿಯನ್ನು ನಾನು ಎಷ್ಟೋ ಸಾರಿ ವಿವರಿಸಿದ್ದುಂಟು. ಆ ಐದು ದಿನಗಳಲ್ಲಿ ಅದನ್ನು ಅಷ್ಟಿಷ್ಟು ಆಚರಿಸಿದಂತಾಯಿತು.

ಪಿಸ್ಟನ್ನು ಸಿಲಿಂಡರನ್ನು ಕಚ್ಚಿಕೊಂಡು ಕುಳಿತಿತ್ತು. ಪ್ಲಗ್ಗಿನ ರಂಧ್ರದಿಂದ ಡೀಸೆಲ್ಲನ್ನೂ ಎಣ್ಣೆಯನ್ನೂ ಬೆರೆಸಿ ಹೊಯ್ದು, ದಿನವೂ ಸ್ವಲ್ಪ ಅಲುಗಿಸುತ್ತ ಹನ್ನೊಂದು ದಿನ ಕಾದ ಮೇಲೆ ಅದು ಬಿಟ್ಟುಕೊಟ್ಟಿತು. ಸಿಲಿಂಡರನ್ನು ನಿಪ್ಪಾಣಿಯಲ್ಲಿ ಕೊರೆಸಿ, ಹೊಸ ಪಿಸ್ಟನ್ನು ಮತ್ತು ರಿಂಗುಗಳನ್ನು ಕೊಲ್ಲಾಪುರದಿಂದ ತಂದುದಾಯಿತು. ಕ್ಲಚ್ಚಿನ ಬೆಂಡಿನ ಬಿಲ್ಲೆಗಳು ಪುಡಿಯಾಗಿದ್ದವು, ಅವನ್ನೂ ಬದಲಿಸಿದೆವು. ಎಕ್ಝಾಸ್ಟ್ ದಾರಿಯಲ್ಲಿ ಗಟ್ಟಿಯಾಗಿದ್ದ ಮಸಿಯನ್ನು ಮರದ ಕಡ್ಡಿಯಿಂದ ಕೆರೆದೆವು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ವಾಚಕರ ಗಮನಕ್ಕೆ ತರಬೇಕಾಗಿದೆ. ಪೆಟ್ರೋಲ್ ಟ್ಯಾಂಕಿನ ಒಳಗೆ ತುಕ್ಕು ಹಿಡಿದಿತ್ತು. ಸಣ್ಣ ಹರಳುಗಳನ್ನೂ ಸೋಡಾ ಬೆರೆಸಿದ ನೀರನ್ನೂ ಹಾಕಿ ಅಲುಗಾಡಿಸಿ ಅದನ್ನು ತೊಳೆಯಬೇಕು. ಆ ನೀರನ್ನು ಸಹ ನಾನು ಎರಡು ಮಡಿಕೆಯ ಬಟ್ಟೆಯಲ್ಲಿ ಗಾಳಿಸಿ, ಬಟ್ಟೆಯನ್ನು ಬಾವಿಯ ನೀರಿನಲ್ಲಿಯೇ ಅದ್ದಿ ಜೀವಿಗಳನ್ನು ಬಿಟ್ಟು, ಅನಂತರ ಬಳಸಿದೆನು. ಮುಂದೆ ಪೆಟ್ರೋಲನ್ನು ಹಾಕುವಾಗಲೂ, ಲೀಟರಿಗೆ ೪೦ ಮಿಲಿಲೀಟರಿನಂತೆ ಎಣ್ಣೆ ಬೆರೆಸಿ, ಬಟ್ಟೆಯಲ್ಲಿಯೇ ಗಾಳಿಸಿದೆನು. ಕಾರ್ಬೊರೇಟರಿನ ಸೂಜಿಗಣ್ಣಿನಂತಹ ಜೆಟ್ಟಿಗೆ ಒಂದು ಕಣ ತುಕ್ಕು ಸಿಕ್ಕಿದರೂ ಗಾಡಿ ನಿಲ್ಲುವುದು. ಕೈ ಅದೇ, ಬಟ್ಟೆ ಅದೇ, ಕ್ರಿಯೆಯೂ ಅದೇ. ನೀರಿಗೆ ಬಟ್ಟೆ ಹಿಡಿದುದು ಜೀವದಯೆಯಿಂದ. ಪೆಟ್ರೋಲಿಗೆ ಹಿಡಿದುದು ಜೆಟ್ಟಿನ ಮೇಲಣ ಮಮತೆಯಿಂದ. ದಿನ ಕಳೆದಂತೆ ನಾನು ಎರಡನೆಯ ಬಟ್ಟೆಯನ್ನು ಮೊದಲನೆಯದಕ್ಕಿಂತ ಹೆಚ್ಚು ಎಚ್ಚರದಿಂದ ಹಿಡಿಯತೊಡಗಿದ್ದೆನು. ಅದು ಆಗ ನನಗೆ ತಿಳಿಯಲಿಲ್ಲ.

ಯಾರಾದರೂ ಕೇಳಿದರೆ ನನ್ನ ಬಳಿ ಸಮರ್ಥನೆ ಸಿದ್ಧವಾಗಿತ್ತು. ಹೊಸದನ್ನು ಕೊಂಡಿಲ್ಲ, ಇದ್ದುದನ್ನು ಉಳಿಸುತ್ತಿದ್ದೇನೆ. ಹೊಸ ಗಾಡಿಗೆ ಅದಿರು ಅಗೆಯಬೇಕು, ಕುಲುಮೆ ಉರಿಯಬೇಕು, ಪೃಥ್ವೀಕಾಯ ಅಗ್ನಿಕಾಯ ಜೀವಗಳ ವಿರಾಧನೆ ಅಪಾರವಾಗಬೇಕು. ಹಳೆಯದನ್ನು ದುರಸ್ತಿ ಮಾಡುವುದರಲ್ಲಿ ಅದೆಲ್ಲ ತಪ್ಪುವುದು. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ದುರಸ್ತಿ ಮಾಡುವವನು ವಸ್ತುವಿನ ಬೆಲೆಯನ್ನು ಅರಿಯುತ್ತಾನೆ, ಎಸೆಯಲು ಹಿಂಜರಿಯುತ್ತಾನೆ, ತಾಳ್ಮೆಯನ್ನು ಕಲಿಯುತ್ತಾನೆ. ನಮ್ಮ ಹಿರಿಯರ ಮನೆಗಳಲ್ಲಿ ತೂತಾದ ಹಂಡೆಗೆ ತೇಪೆ ಹಾಕಿಸುತ್ತಿದ್ದರೇ ಹೊರತು ಬಿಸಾಡುತ್ತಿರಲಿಲ್ಲ. ಆದರೆ ಆರಂಭವು ಅಲ್ಪವಾದ ಮಾತ್ರಕ್ಕೆ ಪರಿಗ್ರಹವೂ ಅಲ್ಪವೆಂದು ತಿಳಿಯುವುದು ದೋಷ. ಅವೆರಡೂ ಬೇರೆ ಬೇರೆ ತಕ್ಕಡಿಗಳು. ಒಂದರಲ್ಲಿ ತೂಗಿದ್ದನ್ನು ಇನ್ನೊಂದರ ಲೆಕ್ಕಕ್ಕೆ ಬರೆದುಕೊಂಡುದೇ ನನ್ನ ಮೊದಲ ತಪ್ಪು.

ಎರಡನೆಯ ತಪ್ಪು ಭಾದ್ರಪದದಲ್ಲಿ ಆಯಿತು. ಆ ವರ್ಷದ ದಶಲಕ್ಷಣ ಪರ್ವದಲ್ಲಿ ಊರಿನ ಜಿನಮಂದಿರದಲ್ಲಿ ಪ್ರವಚನ ಮಾಡುವ ಹೊಣೆ ನನ್ನ ಮೇಲಿತ್ತು. ಗಾಡಿಯ ಜೋಡಣೆ ಮುಗಿದಿತ್ತು. ಆದರೆ ಎಷ್ಟು ಒದ್ದರೂ ಚಾಲೂ ಆಗುತ್ತಿರಲಿಲ್ಲ. ಪ್ಲಗ್ಗಿನಲ್ಲಿ ಕಿಡಿ ತೀರ ಮಂದವಾಗಿತ್ತು. ಶುಕ್ಲ ತ್ರಯೋದಶಿಯಂದು, ಅಂದರೆ ಉತ್ತಮ ಆಕಿಂಚನ್ಯದ ದಿನ, ನಾನು ಏಕಭುಕ್ತ ಮಾಡಿ, ಮರುದಿನದ ಅನಂತ ಚತುರ್ದಶಿಗೆ ಪ್ರೋಷಧೋಪವಾಸವನ್ನು ಸಂಕಲ್ಪಿಸಿದೆನು. ಗೃಹಕೃತ್ಯದ ಆರಂಭಗಳನ್ನು ಬಿಟ್ಟೆನೆಂದು ಸಂಕಲ್ಪದಲ್ಲಿ ಹೇಳಿಯೂ ಆಯಿತು. ಸಂಜೆ ಪೀಠದ ಮೇಲೆ ಕುಳಿತು, ಕಿಂಚಿತ್ತೂ ನನ್ನದಲ್ಲವೆಂಬ ಭಾವವೇ ಆಕಿಂಚನ್ಯವೆಂದು ವಿವರಿಸುತ್ತ ಗ್ರಂಥದ ಪುಟ ತಿರುವಲು ಬೆರಳು ಚಾಚಿದಾಗ, ಉಗುರುಗಳ ಸಂದಿಯಲ್ಲಿ ಗಾಡಿಯ ಕಪ್ಪು ಮಸಿ ಕಂಡಿತು. ಊಟಕ್ಕೆ ಮುಂಚೆ ಎರಡು ಸಾರಿ ಸೀಗೆಪುಡಿ ಹಾಕಿ ತೊಳೆದಿದ್ದರೂ ಹೋಗಿರಲಿಲ್ಲ. ನಾನು ಕೈಯನ್ನು ಗ್ರಂಥದ ಮರೆಗೆ ಸರಿಸಿಕೊಂಡೆನು.

ಚತುರ್ದಶಿಯ ರಾತ್ರಿ ಜಿನಮಂದಿರದ ಜಗಲಿಯಲ್ಲಿ ಸಾಮಾಯಿಕಕ್ಕೆ ಕುಳಿತಿದ್ದೆನು. ಚತುರ್ವಿಧ ಆಹಾರವನ್ನು ತ್ಯಜಿಸಿದ ದೇಹ ಹಗುರವಾಗಿತ್ತು, ಮನಸ್ಸೂ ಚುರುಕಾಗಿತ್ತು. ಆ ಚುರುಕುತನ ಹೋದುದು ಎಲ್ಲಿಗೆ? ಜಪಮಾಲೆ ಬೆರಳಿನಲ್ಲಿ ತಿರುಗುತ್ತಿದ್ದಂತೆಯೇ ಗಾಡಿಯ ದೋಷವು ಥಟ್ಟನೆ ಹೊಳೆಯಿತು. ಪಾಯಿಂಟುಗಳು ತೆರೆಯುವಾಗ ಅಲ್ಲಿ ಕಿಡಿ ಹಾರದಂತೆ ವಿದ್ಯುತ್ತನ್ನು ಹೀರಿಕೊಳ್ಳುವುದು ಕಂಡೆನ್ಸರಿನ ಕೆಲಸ. ಅದು ಕೆಟ್ಟರೆ ಹಾರಬಾರದ ಪಾಯಿಂಟುಗಳ ನಡುವೆ ಕಿಡಿ ಹಾರಿ, ಹಾರಬೇಕಾದ ಪ್ಲಗ್ಗಿನಲ್ಲಿ ಅದು ಮಂದವಾಗುವುದು. ಪಾಯಿಂಟುಗಳು ಕಪ್ಪಾಗಿದ್ದುದು ನೆನಪಾಯಿತು. ಆಗ ನನಗಾದ ಹರ್ಷವನ್ನು ಮುಚ್ಚಿಡಲಾರೆ. ಹತ್ತು ದಿನಗಳ ಪರ್ವದಲ್ಲಿ ಯಾವ ಸ್ವಾಧ್ಯಾಯವೂ ನನಗೆ ಅಂತಹ ಹರ್ಷವನ್ನು ಕೊಟ್ಟಿರಲಿಲ್ಲ. ಹುಣ್ಣಿಮೆಯ ಬೆಳಗ್ಗೆ ದೇವದರ್ಶನ ಮಾಡಿ ಪಾರಣೆಗೆ ಕುಳಿತುಕೊಳ್ಳಬೇಕಾದವನು ನೆಟ್ಟಗೆ ಕೊಟ್ಟಿಗೆಗೆ ಹೋಗಿ, ತಂದಿಟ್ಟಿದ್ದ ಬೇರೆ ಕಂಡೆನ್ಸರನ್ನು ಹಾಕಿ, ಕಿಕ್ಕರನ್ನು ಒದ್ದೆನು. ಇಪ್ಪತ್ತನಾಲ್ಕು ವರ್ಷಗಳ ಬಳಿಕ ಆ ಗಾಡಿ ನೀಲಿ ಹೊಗೆಯನ್ನು ಉಗುಳಿ, ತಂದೆಯವರ ಕಾಲದ ಅದೇ ದನಿಯಲ್ಲಿ ಗುಡುಗಿತು. ಮನೆಯವರು ಬಾಗಿಲಿಗೆ ಬಂದು, “ಪಾರಣೆ ಆಯಿತೇ?” ಎಂದಷ್ಟೇ ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಬಾಯಲ್ಲಿ ಒಂದು ಹನಿ ನೀರೂ ಬಿದ್ದಿರಲಿಲ್ಲವಾದರೂ ಉಪವಾಸವು ಯಾವಾಗಲೋ ಮುರಿದಿತ್ತು.

ಪ್ರೋಷಧೋಪವಾಸದ ಅತಿಚಾರಗಳಲ್ಲಿ ಕೊನೆಯದನ್ನು ಉಮಾಸ್ವಾಮಿ ಆಚಾರ್ಯರು ಸ್ಮೃತ್ಯನುಪಸ್ಥಾನವೆಂದೂ, ಸಮಂತಭದ್ರಾಚಾರ್ಯರು ಅಸ್ಮರಣವೆಂದೂ ಹೆಸರಿಸಿದ್ದಾರೆ. ವ್ರತದಲ್ಲಿದ್ದೇನೆಂಬ ನೆನಪೇ ಅಲ್ಲಿ ಹಾಜರಿಲ್ಲದಿರುವುದು. ಮೂವತ್ತು ವರ್ಷಗಳಿಂದ ಈ ಪದವನ್ನು ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು. ಹಸಿವಿನಿಂದಾಗಿ ಊಟದ ನೆನಪು ಬರುವುದೇ ಇದರ ಉದಾಹರಣೆಯೆಂದು ಹೇಳುತ್ತಿದ್ದೆನು. ಹಸಿವೆಯೇ ಇಲ್ಲದೆ, ಪೂರ್ಣ ಉತ್ಸಾಹದಲ್ಲಿ, ಇನ್ನೊಂದು ಕೆಲಸದ ಮೇಲಣ ಪ್ರೀತಿಯಿಂದ ವ್ರತವನ್ನು ಮರೆಯಬಹುದೆಂಬುದು ನನಗೆ ತೋರಿರಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆ ಗಾಡಿಯು ಎರಡನೆಯ ಯಾನವಾದುದು ಯಾವಾಗ? ಎಂಜಿನ್ನು ಉಸಿರಾಡಿದಾಗ ಎಂಬುದು ಲೋಕದ ಉತ್ತರ. ಸರಕಾರದ ದಫ್ತರದಲ್ಲಿ ನನ್ನ ಹೆಸರು ಬಿದ್ದಾಗ ಎಂಬುದು ಕಾನೂನಿನ ಉತ್ತರ. ಹದಿನೈದು ವರ್ಷ ಮೀರಿದ ಗಾಡಿಗೆ ನೋಂದಣಿಯ ನವೀಕರಣ ಬೇಕು, ಅದೂ ಐದೈದು ವರ್ಷಗಳಿಗೆ ಮಾತ್ರ. ದಂಡ ಕಟ್ಟಿ, ಪರಿಶೀಲನೆ ಮಾಡಿಸಿ, ತಂದೆಯವರ ಹೆಸರಿನಿಂದ ನನ್ನ ಹೆಸರಿಗೆ ಅದು ಬಂದುದು ೨೦೨೩ರಲ್ಲಿ. ಆದರೆ ಆಗಮದ ಉತ್ತರ ಬೇರೆ. ಉಮಾಸ್ವಾಮಿ ಆಚಾರ್ಯರು ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನತ್ತ ಬೆರಳು ತೋರದೆ ಮೂರ್ಛೆಯತ್ತ, ಅಂದರೆ ಮಮತೆಯತ್ತ, ತೋರಿಸುತ್ತಾರೆ. ಆ ಪ್ರಕಾರ ನೋಡಿದರೆ ಎಂಜಿನ್ನು ಓಡುವ ಮೊದಲೇ, ಜಗಲಿಯ ಮೇಲೆ ಕಂಡೆನ್ಸರು ಹೊಳೆದ ರಾತ್ರಿಯೇ, ಅದು ನನ್ನ ಯಾನವಾಗಿತ್ತು. ಇನ್ನೂ ಹಿಂದಕ್ಕೆ ಹೋದರೆ, ಗುಜರಿಯವನನ್ನು ಬರಿಗೈಯಲ್ಲಿ ಕಳುಹಿದ ದಿನವೇ ಆಗಿತ್ತು. ಪಟ್ಟಿಯಲ್ಲಿ ಒಂದೆಂದು ಬರೆದಾಗಲೂ ಎರಡಿದ್ದವು. ಕಬ್ಬಿಣವೆಂದು ಕರೆದುದು ಬಾಯಿ. ಹೃದಯವು ಅದನ್ನು ಎಂದೂ ಹಾಗೆ ಕರೆದಿರಲಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಹೇಳಿದ ಐದು ವಿಕ್ಷೇಪಗಳು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ ಮತ್ತು ಅತಿಭಾರವಹನ. ಎತ್ತುಗಾಡಿಗಳ ಕಾಲಕ್ಕೆ ಹೇಳಿದ ಇವು ಪೆಟ್ರೋಲಿನ ಗಾಡಿಗೂ ಹೇಗೆ ಹೊಂದುತ್ತವೆಂಬುದನ್ನು ನಾನು ಅನುಭವಿಸಿದೆನು. ಲೋಭವಶನಾಗಿ ದನಗಳನ್ನು ಅವುಗಳ ಶಕ್ತಿ ಮೀರಿ ಓಡಿಸುವುದು ಅತಿವಾಹನ. ಕಾರಣವಿಲ್ಲದೆ ಮೂರು ಊರು ಸುತ್ತಿ, ಹೊಗೆ ಉಗುಳಿ, ವಾಯುಕಾಯ ಜೀವಗಳನ್ನು ಪೀಡಿಸಿ ಬರುವ ನನ್ನ ಸವಾರಿಯೂ ಅದರ ಬಳಗವೇ, ಜೊತೆಗೆ ಅನರ್ಥದಂಡವೂ ಹೌದು. ಬಿಡಿಭಾಗ ಮುಂದೆ ಸಿಕ್ಕದೆಂದು ಎರಡೆರಡು ತಂದಿಡುವುದು ಅತಿಸಂಗ್ರಹ. ಇನ್ನೊಬ್ಬರ ಹೊಳೆಯುವ ಗಾಡಿಯನ್ನು ಕಂಡು ಬೆರಗಾಗುವುದು ವಿಸ್ಮಯ. ನನ್ನದನ್ನು ಕಂಡು ಇತರರು ಬೆರಗಾಗಲೆಂದು ಸಂತೆಯ ಬಾಗಿಲಲ್ಲಿ ನಿಲ್ಲಿಸುವುದು ಅದರದೇ ಮಗ್ಗುಲು. ಹಳೆಯ ಗಾಡಿಗಳನ್ನು ಸಂಗ್ರಹಿಸುವವರೊಬ್ಬರು ಎಪ್ಪತ್ತು ಸಾವಿರ ರೂಪಾಯಿ ಕೊಡುತ್ತೇನೆಂದಾಗ ಮಾರುವ ಮನಸ್ಸಾಗಲಿಲ್ಲ. ಆದರೆ ಆ ಸಂಖ್ಯೆಯನ್ನು ನಾಲ್ಕು ಜನರಿಗೆ ಹೇಳುವ ಮನಸ್ಸಾಯಿತು. ಹಣವನ್ನು ತೆಗೆದುಕೊಳ್ಳದೆಯೂ ಲೋಭಿಯಾಗಬಹುದು. ಐದರಲ್ಲಿ ನಾಲ್ಕು ನನ್ನಲ್ಲಿದ್ದವು.

ಹಾಗಾದರೆ ಯಾವ ಕೆಲಸವನ್ನೂ ಪ್ರೀತಿಯಿಂದ ಮಾಡಬಾರದೇ? ಪ್ರೀತಿಯಿಲ್ಲದೆ ಮಾಡಿದ ಕೆಲಸ ಅರೆಬರೆಯಾಗದೇ? ಎಂದು ಯುವಕನೊಬ್ಬನು ನನ್ನನ್ನು ಕೇಳಿದನು. ಪ್ರಶ್ನೆ ಯೋಗ್ಯವಾದುದು. ಕೆಲಸದಲ್ಲಿರುವ ಎಚ್ಚರಿಕೆಗೆ ಯತ್ನಾಚಾರವೆಂದು ಹೆಸರು. ಅದು ಧರ್ಮಕ್ಕೆ ಸಹಕಾರಿ. ಕಣಜ ಹಾರಿಹೋಗುವವರೆಗೆ ಕಾದ ಮೂರು ವಾರಗಳಲ್ಲಿ ಇದ್ದುದು ಅದು. ಮೂರ್ಛೆಯು ಹೊರಗಿನಿಂದ ನೋಡಲು ಅದರಂತೆಯೇ ಕಾಣುತ್ತದೆ. ಅದೇ ನಿಷ್ಠೆ, ಅದೇ ತಾಳ್ಮೆ. ಇವೆರಡನ್ನು ಬೇರ್ಪಡಿಸುವ ಗುರುತು ಒಂದೇ ಎಂದು ನನಗೆ ತೋರುತ್ತದೆ: ನಿಲ್ಲಿಸಬೇಕಾದ ಗಳಿಗೆಯಲ್ಲಿ ಅದು ನಿಲ್ಲುವುದೇ? ಯತ್ನಾಚಾರವುಳ್ಳವನು ಪರ್ವದ ಹಿಂದಿನ ದಿನ ಪಾನಾವನ್ನು ಕೆಳಗಿಟ್ಟರೆ ಕೈಯೊಂದಿಗೆ ಮನಸ್ಸೂ ಕೆಳಗಿಳಿಯುತ್ತದೆ. ಮೂರ್ಛಿತನ ಕೈ ಮಾತ್ರ ಬಿಡುತ್ತದೆ. ಇದನ್ನು ಬೇರೊಬ್ಬರು ಪರೀಕ್ಷಿಸಲಾರರು. ಉಪವಾಸದ ದಿನವೇ ಇದಕ್ಕೆ ಒರೆಗಲ್ಲು. ಏಕೆಂದರೆ ಆ ದಿನ ಹೊಟ್ಟೆಯ ಗದ್ದಲವಡಗಿ, ಮನಸ್ಸು ನಿಜವಾಗಿ ಎಲ್ಲಿ ವಾಸಿಸುತ್ತಿದೆಯೆಂಬುದು ಕಾಣುತ್ತದೆ.

ಪ್ರಾಯಶ್ಚಿತ್ತವನ್ನು ಗುರುಗಳಿಂದ ಪಡೆದೆನು. ಅದರ ವಿವರ ಇಲ್ಲಿ ಬೇಡ. ಮೊದಲು ನಾನು ಸ್ಕೂಟರನ್ನು ಮಗಳ ಹೆಸರಿಗೆ ಮಾಡಿಕೊಟ್ಟೆನು. ಯಾನ ಒಂದಾಯಿತು, ಲೆಕ್ಕ ಸರಿಯಾಯಿತೆಂದು ಒಂದು ವಾರ ನೆಮ್ಮದಿಯಿಂದಿದ್ದೆನು. ಅನಂತರ ತಿಳಿಯಿತು: ಪ್ರೀತಿಯಿಲ್ಲದುದನ್ನು ಕೊಟ್ಟು ಪ್ರೀತಿಯಿದ್ದುದನ್ನು ಉಳಿಸಿಕೊಂಡಿದ್ದೇನೆ, ಇದು ತ್ಯಾಗವಲ್ಲ, ಹೊಂದಾಣಿಕೆ. ಗುರುಗಳಲ್ಲಿ ಇದನ್ನೂ ನಿವೇದಿಸಿದಾಗ ಅವರು ನಕ್ಕು, ಗಾಡಿಯನ್ನು ಇಂದೇ ಕೊಟ್ಟುಬಿಟ್ಟರೆ ಕೊಟ್ಟೆನೆಂಬ ಹಮ್ಮನ್ನು ಸವಾರಿ ಮಾಡುತ್ತೀಯೆ, ಅವಧಿಯನ್ನು ಗೊತ್ತುಮಾಡಿಕೊಂಡು ಮಮತೆಯನ್ನು ಇಳಿಸುತ್ತ ಬಾ ಎಂದರು. ಅದರಂತೆ ಈಗ ಸವಾರಿಯು ಹೊಲ, ಜಿನಮಂದಿರ, ವಾರದ ಸಂತೆ, ವರ್ಷಕ್ಕೊಮ್ಮೆ ನಿಪ್ಪಾಣಿಯ ಬಳಿಯ ಸ್ತವನಿಧಿ, ಇಷ್ಟಕ್ಕೆ ಮಾತ್ರ. ಚಾತುರ್ಮಾಸದಲ್ಲಿ ಗಾಡಿ ನಿಲ್ಲುತ್ತದೆ. ಅಷ್ಟಮಿ ಚತುರ್ದಶಿಗಳ ಹಿಂದಿನ ಮಧ್ಯಾಹ್ನ ಕೀಲಿಕೈ ಮನೆಯವರ ವಶಕ್ಕೆ ಹೋಗುತ್ತದೆ. ನನಗೆ ಎಪ್ಪತ್ತು ತುಂಬುವ ವರ್ಷದ ಅಕ್ಷಯ ತೃತೀಯೆಗೆ ‘ಯಾನ – ಸೊನ್ನೆ’ ಎಂದು ವ್ರತದ ಪುಸ್ತಕದಲ್ಲಿ ಬರೆದಿದ್ದೇನೆ. ಅಷ್ಟರೊಳಗೆ ಕೊಡುವುದನ್ನು ಕಲಿಯಬೇಕು.

ಪರಿಮಾಣವ್ರತದ ಪಟ್ಟಿಯನ್ನು ಬರೆಯುವ ಶ್ರಾವಕ ಶ್ರಾವಿಕೆಯರಲ್ಲಿ ನನ್ನದೊಂದು ವಿನಂತಿ. ಅಟ್ಟದ ಮೇಲಿನ, ಕೊಟ್ಟಿಗೆಯ, ಮಂಚದ ಕೆಳಗಿನ ಕೆಟ್ಟುಹೋದ ವಸ್ತುಗಳನ್ನೂ ಅದರಲ್ಲಿ ಬರೆಯಿರಿ. ಬರೆಯಲು ನಾಚಿಕೆಯಾದರೆ ಕೊಟ್ಟುಬಿಡಿ. ಕೊಡಲು ಮನಸ್ಸಾಗದಿದ್ದರೆ ಅದೇ ಪಟ್ಟಿಯ ಮೊದಲನೆಯ ವಸ್ತುವಾಗಲಿ. ಹಳೆಯದನ್ನು ದುರಸ್ತಿ ಮಾಡುವುದು ಒಳ್ಳೆಯದೇ. ಆರಂಭಿಸುವ ಮೊದಲು ಅದು ಯಾವುದಕ್ಕಾಗಿ, ಎಲ್ಲಿಯವರೆಗೆ, ಮುಗಿದ ಮೇಲೆ ಯಾರಿಗೆ ಎಂಬ ಮೂರನ್ನು ಬರೆದಿಟ್ಟುಕೊಳ್ಳಿ. ಪರ್ವದ ದಿನ ಆ ವಸ್ತು ಎಷ್ಟು ಸಾರಿ ನೆನಪಾಯಿತೆಂದು ಸಂಜೆ ಪ್ರತಿಕ್ರಮಣದಲ್ಲಿ ಎಣಿಸಿಕೊಳ್ಳಿ.

ನಾನು ಈಗ ಎಣಿಸುತ್ತೇನೆ. ಕಳೆದ ಚತುರ್ದಶಿಯಂದು ಮೂರು ಸಾರಿ ನೆನಪಾಯಿತು. ಮೊದಲ ವರ್ಷ ಎಷ್ಟಿತ್ತೆಂಬುದಕ್ಕೆ ಲೆಕ್ಕವೇ ಇಲ್ಲ.